ಪಕ್ಕದ ಕೋಣೆಯ ಗಂಡಸು

ಎಪ್ಪತ್ತರ ದಶಕದ ನಡುವಿನ ಒಂದು ಬೇಸಿಗೆ. ನಾನಾಗ ಶಿರಾ ಕಡೆಯ ಒಂದು ಸಣ್ಣ ಊರಿನ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಮದುವೆ ಆಗಿರಲಿಲ್ಲ. ಮನೆಯಲ್ಲಿ ಅಮ್ಮ, ನಾನು, ಇಬ್ಬರೇ. ಆ ವರ್ಷ ಮೊದಲ ಸಲ ನನ್ನನ್ನು ಎಸ್ಸೆಸ್ಸೆಲ್ಸಿ ಪೇಪರ್ ತಿದ್ದಲು ಹಾಕಿದರು. ಕೇಂದ್ರ ಬೆಂಗಳೂರಿನ ರಾಜಾಜಿನಗರದ ಒಂದು ಶಾಲೆ. ನಮ್ಮ ಸ್ಕೂಲಿಂದ ಹೋಗುತ್ತಿದ್ದ ಮೇಷ್ಟ್ರುಗಳಿಗೆಲ್ಲ ಅಲ್ಲಿ ಭಾವನ ಮನೆಯೋ ಷಡ್ಡಕನ ಮನೆಯೋ ಇತ್ತು. ನನಗೆ ಯಾರೂ ಇರಲಿಲ್ಲ. 'ಲಾಡ್ಜಲ್ಲಿ ಒಬ್ಳೇ ಇರ್ತೀನಿ' ಅಂದಾಗ ಅಮ್ಮ ಅಕ್ಕಿ ಆರಿಸುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು.

ಬೆಂಗಳೂರಲ್ಲಿ ಎರಡು ಲಾಡ್ಜುಗಳಲ್ಲಿ ಬಾಗಿಲಲ್ಲೇ ಇಲ್ಲ ಅಂದರು. ಮೂರನೆಯದು ಕೈಗಾರಿಕಾ ಎಸ್ಟೇಟಿನ ಪಕ್ಕದಲ್ಲಿತ್ತು, ಕೆಳಗೆ ಹೋಟೆಲು, ಮೇಲೆ ರೂಮುಗಳು. ಫ್ಯಾಕ್ಟರಿಗಳಿಗೆ ಮೆಷಿನ್ನು, ಬಿಡಿಭಾಗ ಮಾರಲು ಬರುವವರು ಇಳಿದುಕೊಳ್ಳುವ ಜಾಗ. ಹಣೆಗೆ ವಿಭೂತಿ ಬಳಿದಿದ್ದ ಮ್ಯಾನೇಜರು ನನ್ನನ್ನೂ, ನನ್ನ ಹಿಂದಿನ ಖಾಲಿ ಜಾಗವನ್ನೂ ನೋಡಿದರು.

"ಯಾರ ಜೊತೆ ಬಂದಿದೀರಮ್ಮಾ?"

"ಒಬ್ಬಳೇ."

"ಸಿಂಗಲ್ ಲೇಡೀಸ್‌ಗೆ ನಾವು ಕೊಡಲ್ಲ. ನಾಳೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಪೊಲೀಸ್ನೋರು ನಮ್ಮನ್ನ ಹಿಡ್ಕೋತಾರೆ."

ನಾನು ಟೀಚರು, ಸರ್ಕಾರಿ ಕೆಲಸಕ್ಕೆ ಬಂದಿದೀನಿ ಎಂದೆ. ಅವರು ಗೋಡೆಯ ಹಲಗೆಯಲ್ಲಿ ಸಾಲಾಗಿ ನೇತುಹಾಕಿದ್ದ ಕೀಲಿಗಳಲ್ಲಿ ಒಂದನ್ನು ತೆಗೆದರು. "ಆಯ್ತು. ಆದ್ರೆ ಯಾರನ್ನೂ ರೂಮಿಗೆ ಕರ್ಕೊಂಡು ಬರಬಾರ್ದು. ಬಾಲ್ಕನೀಲಿ ನಿಂತ್ಕೋಬಾರ್ದು. ಕತ್ತಲಾಗೋಕೆ ಮುಂಚೆ ಒಳಗಿರಬೇಕು." ಹೋಟೆಲಿನಲ್ಲಿ ಕಾಫಿ ಕುಡಿಯುತ್ತಿದ್ದವರೆಲ್ಲ ಕೇಳಿಸಿಕೊಳ್ಳುವಷ್ಟು ಜೋರಾಗಿಯೇ ಹೇಳಿದರು. ಅಲ್ಲಿನ ಕಾವಲೆಲ್ಲ ನನ್ನಿಂದ ಲಾಡ್ಜನ್ನು ಕಾಪಾಡುವುದಕ್ಕೆ, ನನ್ನನ್ನು ಕಾಯುವುದಕ್ಕಲ್ಲ ಅಂತ ನನಗೆ ಆಗಲೇ ಗೊತ್ತಾಯಿತು.

ರೂಮು ಮೆಟ್ಟಿಲ ಪಕ್ಕ. ಒಂದು ಮಂಚ, ಒಂದು ಮೇಜು. ಬಾಗಿಲಿಗೆ ಒಳಗಿಂದ ಗಟ್ಟಿಯಾದ ಅಗುಳಿ ಇತ್ತು, ಸಮಾಧಾನವಾಯಿತು. ಆದರೆ ಪಕ್ಕದ ಗೋಡೆಯಲ್ಲಿ ಹಸಿರು ಬಣ್ಣದ ಇನ್ನೊಂದು ಬಾಗಿಲಿತ್ತು. ಎಳೆದು ನೋಡಿದೆ, ಅಲ್ಲಾಡಲಿಲ್ಲ. ಅದರ ಚಿಲಕ ಆಚೆ ರೂಮಿನ ಕಡೆ. ನನ್ನ ಕಡೆ ಹಿಂದೆ ಚಿಲಕವಿದ್ದ ಜಾಗದಲ್ಲಿ ಮೊಳೆಯ ತೂತುಗಳು ಮಾತ್ರ. ಹೊರಗೆ ಬಂದು ನೋಡಿದರೆ, ಆ ರೂಮಿನ ಮುಂದೆ ದೊಡ್ಡ ಅಳತೆಯ ಗಂಡಸಿನ ಮೆಟ್ಟು, ಹಿಮ್ಮಡಿಯ ಕಡೆ ಸವೆದದ್ದು.

ಕೆಳಗೆ ಹೋಗಿ ಮ್ಯಾನೇಜರಿಗೆ ಹೇಳಿದೆ. "ಆ ಬಾಗ್ಲು ಯಾರೂ ತೆಗೆಯಲ್ಲ ಬಿಡಿ" ಅಂದರು.

ಮೇಜನ್ನು ಎಳೆದು ಹಸಿರು ಬಾಗಿಲಿಗೆ ಒತ್ತರಿಸಿ, ಅದರ ಮೇಲೆ ನನ್ನ ಟ್ರಂಕು ಇಟ್ಟೆ. ಆಚೆಯಿಂದ ಆಗಾಗ ಕೆಮ್ಮು ಕೇಳುತ್ತಿತ್ತು, ಒಡೆದ ದಪ್ಪ ಕೆಮ್ಮು. ಆ ಗಂಡಸಿನ ಮುಖ ನಾನು ನೋಡಲೇ ಇಲ್ಲ. ನಾನು ಏಳುವ ಮೊದಲೇ ಹೋಗಿರುತ್ತಿದ್ದ, ನಾನು ಬಂದು ಬಾಗಿಲು ಹಾಕಿಕೊಂಡ ಮೇಲೆ ಬರುತ್ತಿದ್ದ. ಮೆಟ್ಟು ಮಾತ್ರ ಸದಾ ಅಲ್ಲೇ ಇರುತ್ತಿತ್ತು. ಇನ್ನೊಂದು ಜೊತೆ ಇರಬೇಕು ಎಂದುಕೊಂಡೆ.

ಹಗಲು ಹೇಗೋ ಕಳೆಯುತ್ತಿತ್ತು. ಶಾಲೆಯಲ್ಲಿ ಉದ್ದನೆಯ ಬೆಂಚುಗಳ ಮೇಲೆ ಪೇಪರಿನ ಕಟ್ಟುಗಳು, ಕೆಂಪು ಇಂಕು, ತಲೆ ಎತ್ತಲು ಪುರುಸೊತ್ತಿಲ್ಲ. ಜೊತೆಯ ಹೆಂಗಸರು ನಾಲ್ಕೂವರೆಗೇ ಬ್ಯಾಗು ಎತ್ತಿಕೊಂಡು ಯಾರ್ಯಾರದೋ ಮನೆಗೆ ಹೊರಡುತ್ತಿದ್ದರು. ಕಷ್ಟವಾಗಿದ್ದು ಸಂಜೆ. ರೂಮಿನ ಕಿಟಕಿಯಿಂದ ಎದುರು ಸಾಲಿನ ಮನೆಗಳು ಕಾಣುತ್ತಿದ್ದವು. ಕಾಂಪೌಂಡಿನ ಮೇಲೆ ಕೂತು ಹೂ ಕಟ್ಟುವ ಹೆಂಗಸರು, ಆಫೀಸಿಂದ ಬಂದು ಬನಿಯನ್ನಲ್ಲಿ ಗಿಡಕ್ಕೆ ನೀರು ಹಾಕುವ ಗಂಡಸರು. ಬಾಲ್ಕನಿಗೆ ಹೋಗುವಂತಿಲ್ಲ. ಒಮ್ಮೆ ಬಟ್ಟೆ ಒಣಹಾಕಲು ಹೋದಾಗ, ಮೇಲಿನ ಮಹಡಿಯಲ್ಲಿದ್ದ, ಲೇಥು ಮೆಷಿನ್ನು ಮಾರುವ ಒಬ್ಬ ಆಸಾಮಿ ಮೆಟ್ಟಿಲ ಮೇಲೆ ನಿಂತು ಸಿಗರೇಟು ಮುಗಿಯುವವರೆಗೂ ನೋಡಿದ. ಆಮೇಲೆ ಒದ್ದೆ ಬಟ್ಟೆ ರೂಮಿನಲ್ಲೇ ಒಣಗಿದವು.

ಭಾನುವಾರ ಕೆಲಸ ಇರಲಿಲ್ಲ. ಸುಮ್ಮನೆ ಜನರ ನಡುವೆ ಇರೋಣ ಅಂತ ವಿಜಯನಗರದ ಬಸ್ಸು ಹತ್ತಿದೆ. ಪಕ್ಕದ ಹೆಂಗಸು ಕೇಳಿದಳು, "ಯಾರ ಮನೆಗೆ ಹೋಗ್ತಾ ಇದೀರಿ?"

"ಅಕ್ಕನ ಮನೆಗೆ" ಎಂದೆ. ನನಗೆ ಅಕ್ಕ ಇಲ್ಲ.

ಕೊನೆಯ ಸ್ಟಾಪಿನಲ್ಲಿ ಇಳಿದೆ. ಅತ್ತಿಗುಪ್ಪೆಯ ಕಡೆ ಆಗಿನ್ನೂ ರಾಗಿ ಹೊಲಗಳಿದ್ದವು, ನಡುನಡುವೆ ಅರ್ಧ ಕಟ್ಟಿದ ಮನೆಗಳು. ಒಂದು ಲೋಟ ಕಬ್ಬಿನ ಹಾಲು ಕುಡಿದು ಅದೇ ಬಸ್ಸಿಗೆ ವಾಪಸು ಹತ್ತಿದೆ. ಕಂಡಕ್ಟರು ಟಿಕೆಟ್ ಹರಿಯುತ್ತಾ, "ಯಾಕಮ್ಮಾ, ಅಕ್ಕ ಮನೇಲಿರ್ಲಿಲ್ವಾ?" ಅಂದ. ಇರಲಿಲ್ಲ ಅಂದೆ.

ಸಂಜೆ ಹೊತ್ತು ವರಾಂಡದಲ್ಲಿ ಓಡಾಡುವ ಹೆಜ್ಜೆಗಳು ಕೆಲವು ಸಲ ನನ್ನ ಬಾಗಿಲ ಮುಂದೆ ನಿಲ್ಲುತ್ತಿದ್ದವು. ಮೊದಲ ಸಲ ನಿಂತಾಗ ಬಾಯಿಗೆ ಬಂದದ್ದನ್ನು ಗಟ್ಟಿಯಾಗಿ ಕೂಗಿದೆ: "ರೀ, ಎದ್ದೇಳಿ, ಯಾರೋ ಬಂದ ಹಾಗಿದೆ!" ಹೆಜ್ಜೆ ಮುಂದೆ ಹೋಯಿತು. ಉಪಾಯ ಫಲಿಸಿತಲ್ಲ ಅಂತ ದಿನವೂ ಮಾಡತೊಡಗಿದೆ. "ರೀ, ಬಾಗ್ಲು ಹಾಕಿದ್ರಾ?" "ರೀ, ದೀಪ ಆರಿಸಲಾ?" ಕ್ರಮೇಣ ಹೆಜ್ಜೆ ಸಪ್ಪಳ ಇಲ್ಲದಿದ್ದರೂ ಮಾತಾಡುತ್ತಿದ್ದೆ. "ರೀ, ಇವತ್ತು ಒಬ್ಬ ಹುಡುಗ ಕಪ್ಪೆಗೆ ನಾಲ್ಕು ಹೃದಯ ಅಂತ ಬರ್ದಿದಾನೆ ಕಣ್ರೀ. ಎಷ್ಟು ಮಾರ್ಕ್ಸ್ ಕೊಡ್ಲಿ ಹೇಳಿ." ಹೇಳಿ ನಾನೇ ನಗುತ್ತಿದ್ದೆ. ದಿನವಿಡೀ ಬಾಯಿ ಬಿಗಿದುಕೊಂಡಿದ್ದವಳಿಗೆ ಅದೊಂದು ಹೊತ್ತು ಹಗುರವಾಗುತ್ತಿತ್ತು.

ಒಂದು ಸಂಜೆ ಬಂದಾಗ ಪಕ್ಕದ ಬಾಗಿಲ ಮುಂದೆ ಮೆಟ್ಟು ಇರಲಿಲ್ಲ. ಆ ಗಂಡಸು ಕೊನೆಗೂ ರೂಮು ಬಿಟ್ಟ ಅಂತ ಉಸಿರು ಬಿಟ್ಟೆ. ಕೈಕಾಲು ತೊಳೆದು ಕೂತಿದ್ದೆ, ದೀಪ ಹಚ್ಚುವ ಹೊತ್ತಿಗೆ ಕರೆಂಟು ಹೋಯಿತು. ಆ ನಿಶ್ಶಬ್ದದಲ್ಲಿ ಹಸಿರು ಬಾಗಿಲಾಚೆ ಯಾರೋ ಅಳುವುದು ಕೇಳಿಸಿತು. ಹೆಂಗಸಿನ ಅಳು, ಸೆರಗು ಬಾಯಿಗಿಟ್ಟುಕೊಂಡು ಅಳುವಂಥದ್ದು. ಗಂಡಸು ಹೊಡೆದಿದ್ದಾನೆ, ಇಲ್ಲವೇ ಬಿಟ್ಟು ಹೋಗಿದ್ದಾನೆ ಎಂದುಕೊಂಡೆ. ತಡೆಯಲಾಗದೆ ಬಾಗಿಲು ತಟ್ಟಿದೆ.

"ಯಾರಮ್ಮಾ ಅಲ್ಲಿ? ಏನಾಯ್ತು?"

ಅಳು ನಿಂತಿತು. ಆಚೆಯಿಂದ ಒಂದು ಒಡೆದ ದನಿ ಬಂತು: "ನೀವು ಪಕ್ಕದ ರೂಮಿನ ಟೀಚರಮ್ಮನಾ?"

"ಹೌದು. ನಿಮ್ಮ ಯಜಮಾನ್ರು ಎಲ್ಲಿ?"

"ಯಾವ ಯಜಮಾನ ತಾಯಿ? ನಾನೊಬ್ಳೇ ಇರೋದು."

ಚಿಲಕ ಸರಿಯಿತು. ಮೇಜು ಅಡ್ಡ ಇದ್ದುದರಿಂದ ಬಾಗಿಲು ಒಂದು ಗೇಣು ತೆರೆದು ನಿಂತಿತು. ಸಂದಿಯಲ್ಲಿ ಮೇಣದಬತ್ತಿ ಹಿಡಿದ, ಐವತ್ತು ದಾಟಿದ ಒಬ್ಬ ಹೆಂಗಸಿನ ಮುಖ ಕಂಡಿತು. ಬರಿ ಹಣೆ. ಅವಳ ಹಿಂದೆ ಸೀರೆಯ ಗಂಟುಗಳು. ಮೊಳಕಾಲ್ಮೂರಿನ ಕಡೆಯವಳಂತೆ, ನೇಕಾರರ ಮನೆಯವಳು. ಬೇಸಿಗೆಗೊಮ್ಮೆ ಬಂದು ರಾಜಾಜಿನಗರ, ಗೋವಿಂದರಾಜನಗರದ ಮನೆಮನೆಗೆ ರೇಷ್ಮೆ ಸೀರೆ ಮಾರುತ್ತಾಳೆ, ಎಲ್ಲರ ಬಾಯಲ್ಲೂ ಸೀರೆಯಮ್ಮ. ವಯಸ್ಸಾದವಳು, ಹಳೆಯ ಗಿರಾಕಿ ಅಂತ ಮ್ಯಾನೇಜರು ಅವಳಿಗೆ ರೂಮು ಕೊಡುತ್ತಿದ್ದರಂತೆ. ಕೆಮ್ಮುತ್ತಿದ್ದವಳು ಅವಳೇ. ಮೆಟ್ಟು ಸತ್ತ ಗಂಡನದು.

"ಹೋದಲ್ಲೆಲ್ಲ ಬಾಗ್ಲ ಮುಂದೆ ಬಿಡ್ತಿದ್ದೆ. ಒಳಗೆ ಗಂಡಸವ್ನೆ ಅಂತ ಯಾರೂ ತಂಟೆಗೆ ಬರ್ತಿರ್ಲಿಲ್ಲ. ಇವತ್ತು ಬಂದು ನೋಡ್ತೀನಿ, ಇಲ್ಲ. ಯಾರೋ ಎತ್ಕಂಡು ಹೋಗವ್ರೆ." ಕಣ್ಣೊರೆಸಿಕೊಂಡು ನನ್ನ ಹಿಂದೆ ಇಣುಕಿದಳು. "ನಿಮ್ಮ ಯಜಮಾನ್ರ ಕೈಲಿ ಒಂದು ಮಾತು ಕೇಳ್ಸಿ ತಾಯಿ. ಗಂಡಸ್ರು ಕೇಳಿದ್ರೆ ಮ್ಯಾನೇಜ್ರು ಹುಡುಕ್ಸ್ತಾರೆ."

"ನನಗೂ ಯಾರೂ ಇಲ್ಲಮ್ಮ. ಹೆದರಿಕೆಗೆ ಹಾಗೆ ಮಾತಾಡ್ತಿದ್ದೆ" ಎಂದೆ.

ಅವಳು ನನ್ನನ್ನೇ ನೋಡಿದಳು. "ಅಯ್ಯೋ! ಬೋ ಒಳ್ಳೆ ಗಂಡ ಅಂದ್ಕಂಡಿದ್ದೆ. ಒಂದು ಮಾತೂ ಎದುರಾಡಲ್ಲ ಅಂತ. ಪಕ್ಕದಾಗೆ ಸಂಸಾರಸ್ಥರು ಅವ್ರೆ ಅಂತ ನಾನು ಧೈರ್ಯವಾಗಿ ಮಲಗ್ತಿದ್ನಲ್ಲ!"

ಅವಳ ಗಂಡನ ಮೆಟ್ಟಿಗೆ ಹೆದರಿ ನಾನು ನಿದ್ದೆ ಕೆಟ್ಟಿದ್ದೆ, ಇಲ್ಲದ ನನ್ನ ಗಂಡನನ್ನು ನಂಬಿ ಅವಳು ನಿದ್ದೆ ಮಾಡಿದ್ದಳು. ಇಬ್ಬರಿಗೂ ನಗು ಬಂತು. ನಗುವಿನ ಕೊನೆಗೆ ಅವಳು ಮತ್ತೆ ಅತ್ತಳು. ಒಬ್ಬಳನ್ನೇ ಬಿಡಲು ಮನಸ್ಸಾಗದೆ, ನನ್ನ ರೂಮಿನ ಬಾಗಿಲಿಗೆ ಕೀಲಿ ತಿರುಗಿಸಿಕೊಂಡು ವರಾಂಡದಿಂದ ಸುತ್ತಿ ಅವಳ ರೂಮಿಗೆ ಹೋದೆ. ಅವಳು ಗಂಟಿನಿಂದ ನಿಪ್ಪಟ್ಟು ತೆಗೆದುಕೊಟ್ಟಳು. ಮೇಣದಬತ್ತಿ ಉಳಿಸೋಣ ಅಂತ ಆರಿಸಿ, ಕತ್ತಲಲ್ಲಿ ಕೂತು ತಿನ್ನುತ್ತಿದ್ದೆವು.

ಆಗ ನನ್ನ ರೂಮಿನ ಬಾಗಿಲಲ್ಲಿ ಕೀಲಿ ತಿರುಗಿದ ಸದ್ದಾಯಿತು.

ಕೀಲಿ ನನ್ನ ಮಡಿಲಲ್ಲಿತ್ತು. ಹಸಿರು ಬಾಗಿಲು ಇನ್ನೂ ಗೇಣು ತೆರೆದೇ ಇತ್ತು. ಸಂದಿಯಲ್ಲಿ ಟಾರ್ಚಿನ ಬೆಳಕು ನನ್ನ ಮಂಚದ ಮೇಲೆ ಹರಿದಾಡಿತು. "ಟೀಚರ್," ಒಂದು ಗಂಡು ದನಿ ಮೆತ್ತಗೆ ಕರೆಯಿತು. "ಟೀಚರ್, ಹೆದರ್ಕೋಬೇಡಿ."

ಸೀರೆಯಮ್ಮ ನನ್ನ ಕೈಯನ್ನು ನೋಯುವಷ್ಟು ಬಿಗಿಯಾಗಿ ಹಿಡಿದಳು. ಆ ನೋವಿಗೋ ಏನೋ, ನನ್ನ ತರಗತಿಯ ದನಿ ಹೊರಗೆ ಬಂತು: "ಯಾರೋ ಅದು?" ಅವಳೂ ಕೂಗಿದಳು, "ಕಳ್ಳ! ಕಳ್ಳ!" ಟಾರ್ಚು ಮೇಜಿಗೆ ಬಡಿಯಿತು, ಏನೋ ಬಿತ್ತು, ಹೆಜ್ಜೆಗಳು ಮೆಟ್ಟಿಲ ಕಡೆ ಓಡಿದವು. ಕೆಳಕ್ಕಲ್ಲ, ಮೇಲಕ್ಕೆ.

ಮೇಣದಬತ್ತಿ ಹಚ್ಚಿಕೊಂಡು ಹೋಗಿ ನೋಡಿದರೆ ಬಾಗಿಲಲ್ಲೇ ಕೀಲಿ ನೇತಾಡುತ್ತಿತ್ತು. ಲಾಡ್ಜಿನದೇ ಇನ್ನೊಂದು ಕೀಲಿ. ನಾನು ಒಳಗೆ ಅಗುಳಿ ಹಾಕಿಕೊಂಡು ಮಲಗಿದ್ದ ದಿನಗಳಲ್ಲಿ ಈ ಕೀಲಿ ಎಷ್ಟು ಸಲ ತಿರುಗಿ, ಬಾಗಿಲು ಅಗುಳಿಗೆ ತಾಗಿ ನಿಂತಿತ್ತೋ ಎಂಬ ಯೋಚನೆ ಬಂತು.

ಅಷ್ಟರಲ್ಲಿ ಕರೆಂಟು ಬಂತು. ಇಬ್ಬರೂ ಕೆಳಗಿಳಿದು ಮ್ಯಾನೇಜರ ಮುಂದೆ ಆ ಕೀಲಿ ಇಟ್ಟೆವು. ಮೇಲಿನ ಮಹಡಿಯ ಮೆಷಿನ್ನಿನವನ ಮೇಲೆ ಅನುಮಾನ, ಕರೆಸಿ ಕೇಳಿ ಎಂದೆ.

"ಮುಖ ನೋಡಿದ್ರಾ?"

"ಇಲ್ಲ."

"ಮತ್ತೆ ಹೆಂಗೆ ಕೇಳೋದು? ಅವ್ರು ವರ್ಷಗಟ್ಲೆಯಿಂದ ಬರೋ ಪಾರ್ಟಿ. ಕೀಲಿ ಬೋರ್ಡಲ್ಲಿ ನೇತಾಕಿರ್ತೀವಿ, ಯಾರೋ ತಗೊಂಡಿರ್ಬೇಕು."

"ಯಾರು ಬೇಕಾದ್ರೂ ತಗೊಳ್ಳೋ ಹಾಗಿದ್ರೆ ರೂಮಿಗೆ ಬೀಗ ಯಾಕ್ರೀ?"

ಅವರ ಮುಖ ಕೆಂಪಾಯಿತು. "ಇದಕ್ಕೇ ಕಣಮ್ಮಾ, ಒಂಟಿ ಹೆಂಗಸರಿಗೆ ರೂಮ್ ಕೊಡಬಾರ್ದು ಅನ್ನೋದು. ಹೆದರೋರು ಒಬ್ಬೊಬ್ರೇ ಯಾಕೆ ಬರ್ತೀರಾ?" ದೋಸೆ ತಿನ್ನುತ್ತಿದ್ದವರು ತಿರುಗಿ ನೋಡಿದರು. ಮತ್ತೆ ದೋಸೆಗೆ ಕೈ ಹಾಕಿದರು.

ಆ ರಾತ್ರಿಯೇ ರೂಮು ಖಾಲಿ ಮಾಡಿದ್ದು ನಾವು. ಮೆಷಿನ್ನಿನವನು ಅಲ್ಲೇ ಉಳಿದ. ಮೆಟ್ಟನ್ನು ಯಾರು ಒಯ್ದರೆಂದು ಕೊನೆಗೂ ತಿಳಿಯಲಿಲ್ಲ. ಬಸ್ಸಿಗೆ ಕಾಯುತ್ತಾ ಸೀರೆಯಮ್ಮ ಗಂಟಿನ ಮೇಲೆ ಕೂತಳು. "ಹೋಗ್ಲಿ ಬಿಡು. ಬದುಕಿದ್ದಾಗ ನನ್ ಜೊತೆ ಎಲ್ಲೂ ಬಂದೋನಲ್ಲ. ಸತ್ತ ಮೇಲೆ ಊರೂರು ತಿರುಗ್ದ."

ಗೋವಿಂದರಾಜನಗರದಲ್ಲಿದ್ದ ಅವಳ ಹಳೆಯ ಗಿರಾಕಿಗಳ ಮನೆಗೆ ಹೋದೆವು. ಅಲ್ಲಿನ ಅಜ್ಜಿ ಬಾಗಿಲಲ್ಲೇ ನಿಲ್ಲಿಸಿ ನಾನು ಯಾರ ಪೈಕಿ, ಅಪ್ಪ ಏನಾಗಿದ್ದರು, ಯಾಕೆ ಮದುವೆಯಾಗಿಲ್ಲ ಅಂತ ಎಲ್ಲ ಕೇಳಿದರು. ಸೀರೆಯಮ್ಮ ನನಗಿಂತ ಮೊದಲು ಎಲ್ಲಕ್ಕೂ ಉತ್ತರ ಕೊಟ್ಟಳು. ಅರ್ಧಕ್ಕರ್ಧ ಅವಳೇ ಕಟ್ಟಿದ್ದು. ಕೊನೆಗೆ ಮುಂಬಾಗಿಲ ಪಕ್ಕದ ಪುಟ್ಟ ಕೋಣೆ ಸಿಕ್ಕಿತು. ಒಂದೇ ಚಾಪೆಯಲ್ಲಿ ಇಬ್ಬರೂ ಮಲಗಿದೆವು. ಅವಳ ಕೆಮ್ಮು ಕೇಳುತ್ತಾ ನಾನು ಎಷ್ಟೋ ದಿನಗಳ ಮೇಲೆ ಬೆಳಗಾಗುವವರೆಗೂ ನಿದ್ದೆ ಮಾಡಿದೆ.

ಸೀರೆಗಳು ಖರ್ಚಾದ ಮೇಲೆ ಅವಳು ಊರಿಗೆ ಹೊರಟಳು. ಬಸ್ಸು ಹತ್ತಿ, ಕಿಟಕಿಯಿಂದ ಕೈ ಚಾಚಿ ನನ್ನ ಗಲ್ಲ ಮುಟ್ಟಿ, "ಬರ್ತೀನಿ ಟೀಚರಮ್ಮ. ಮದ್ವೆ ಮಾಡ್ಕೋ ಅಂತ ನಾನು ಹೇಳಲ್ಲ. ಹುಷಾರಾಗಿರು" ಎಂದಳು.

ಆಮೇಲೆ ಉಳಿದ ದಿನಗಳಲ್ಲಿ ನನಗೆ ಯಾವ ಭಯವೂ ಇರಲಿಲ್ಲ. ಆದರೆ ಗೋಡೆಯಾಚೆ ಆ ಮನೆಯವರು ಊಟದ ಹೊತ್ತಿಗೆ ಒಬ್ಬರನ್ನೊಬ್ಬರು ಕರೆಯುವುದು, ಮಕ್ಕಳ ಜಗಳ, ರೇಡಿಯೋ, ಎಲ್ಲ ಕೇಳಿಸುತ್ತಿತ್ತು. ಇಲ್ಲಿ 'ರೀ' ಅಂತ ಮಾತಾಡಿದರೆ ಹುಚ್ಚಿ ಅಂದುಕೊಂಡಾರು. ಹಾಗಾಗಿ ಸಂಜೆಯೆಲ್ಲ ಸುಮ್ಮನೆ ಕೂತಿರುತ್ತಿದ್ದೆ. ಲಾಡ್ಜಿನಲ್ಲಿದ್ದಾಗ ಭಯವೇ ಒಂದು ಕೆಲಸವಾಗಿತ್ತು. ಅದೂ ಹೋದ ಮೇಲೆ ನಾನು ಎಷ್ಟು ಒಬ್ಬಳು ಅಂತ ಸರಿಯಾಗಿ ಗೊತ್ತಾಯಿತು.

ಕೆಲಸ ಮುಗಿಯುವ ದಿನ ಕೇಂದ್ರದ ಮುಖ್ಯಸ್ಥರ ಹತ್ತಿರ ಹೋಗಿ, ಪರ ಊರಿನ ಹೆಂಗಸರಿಗೆ ಇಳಿದುಕೊಳ್ಳಲು ಜಾಗ ಬೇಕು ಎಂದು ಕೇಳಿದೆ. ನಡೆದದ್ದನ್ನೂ ಹೇಳಿದೆ. ವಯಸ್ಸಾದ ಮನುಷ್ಯ, ಕನ್ನಡಕ ತೆಗೆದು ಒರೆಸಿ ಒರೆಸಿ ಹಾಕಿಕೊಂಡರು, ನನ್ನ ಮುಖ ನೋಡಲಿಲ್ಲ. ಆದರೆ ಮರೆಯಲಿಲ್ಲ. ಮುಂದಿನ ಬೇಸಿಗೆಯಲ್ಲಿ ಹತ್ತಿರದ ಹೆಣ್ಣುಮಕ್ಕಳ ಶಾಲೆಯ ಒಂದು ತರಗತಿಯನ್ನು ನಮಗೆ ಬಿಡಿಸಿಕೊಟ್ಟರು. ಬಾಗಿಲಿಗೆ ಒಬ್ಬ ಆಯಾ. ನನ್ನ ಹಾಗೆ ಯಾರೂ ಇಲ್ಲದವರು ಅಷ್ಟೊಂದು ಜನ ಇದ್ದಾರೆಂದು ಆಗಲೇ ನನಗೆ ತಿಳಿದದ್ದು. ಹೋದ ವರ್ಷ ಇವರೆಲ್ಲ ಎಲ್ಲೆಲ್ಲಿ ಇಳಿದಿದ್ದರೋ, ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಮೊದಲ ಭಾನುವಾರವೇ ಗೋವಿಂದರಾಜನಗರಕ್ಕೆ ಹೋದೆ. ಅಜ್ಜಿ ಗುರುತು ಹಿಡಿದು ಕಾಫಿ ಕೊಟ್ಟರು.

"ಸೀರೆಯಮ್ಮ ಬಂದಿದಾರಾ?"

"ಈ ಸಲ ಬರ್ಲಿಲ್ಲ ಕಣಮ್ಮ. ಯಾಕೋ ಗೊತ್ತಿಲ್ಲ."

"ಯಾವೂರು ಅಂತ ಗೊತ್ತಾ?"

"ಮೊಳಕಾಲ್ಮೂರು ಕಡೆ ಅಂತಿದ್ಲು. ಹೆಸರೇನೋ ನಾವೂ ಕೇಳಿಲ್ಲ. ಸೀರೆಯಮ್ಮ ಅಂತಿದ್ವಿ."

ನಾನೂ ಕೇಳಿರಲಿಲ್ಲ. ಲೋಟ ತೊಳೆದಿಟ್ಟು ಹೊರಟೆ. ಮಾಗಡಿ ರಸ್ತೆಯವರೆಗೆ ನಡೆದೆ. ಬಂದ ಬಸ್ಸು ತುಂಬಿತ್ತು, ರಾಜಾಜಿನಗರದವರೆಗೂ ನಿಂತೇ ಬಂದೆ. ಶಾಲೆಯ ಕೋಣೆಯಲ್ಲಿ ಎಲ್ಲರದೂ ಊಟ ಮುಗಿದು ಹಾಸಿಗೆಗಳು ಬಿಚ್ಚಿಕೊಂಡಿದ್ದವು. ಯಾರೋ ನನ್ನ ತಟ್ಟೆಗೆ ಅನ್ನ ಸಾರು ಬಡಿಸಿ ಮುಚ್ಚಿಟ್ಟಿದ್ದರು. ಆರಿಹೋಗಿತ್ತು. ಯಾರಿಟ್ಟದ್ದು ಅಂತ ಕೇಳಬೇಕೆನಿಸಿತು, ಮೊದಲು ಕೂತು ಉಂಡೆ.