ಕಾಕಾನ ಕೆಂಪು ಕಾರು ಮತ್ತು ನಾಲ್ಕು ಲಿಂಬೆಹಣ್ಣು

ಕಳೆದ ತಿಂಗಳು ಹಳಿಯಾಳ ರಸ್ತೆಯ ಗ್ಯಾರೇಜೊಂದರಲ್ಲಿ ನನ್ನ ಹಳೆಯ ಸ್ಕೂಟರ್ ರಿಪೇರಿಗೆ ನಿಂತಿತ್ತು. ಮೆಕ್ಯಾನಿಕ್ ತಗಡಿನ ಬೋಗುಣಿಗೆ ಪೆಟ್ರೋಲ್ ಸುರಿದು ಕಾರ್ಬೊರೇಟರ್ ತೊಳೆಯತೊಡಗಿದ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಬಂಗೂರನಗರದ ಕ್ವಾರ್ಟರ್ಸಿನ ಹಿತ್ತಲಿಗೆ ಹೋಗಿಬಿಟ್ಟಿದ್ದೆ. ಪಕ್ಕದ ಮನೆಯ ಕಾಕಾ ಉಟ್ಟ ಲುಂಗಿಗೇ ಮಸಿಗೈ ಒರೆಸಿಕೊಳ್ಳುತ್ತ, ಅವರ ಹೆಂಡತಿ ಕಾಕು ಬಾಗಿಲಲ್ಲಿ ನಿಂತು ಅದಕ್ಕೆ ಬೈಯುತ್ತ...

ಕಾಕಾ ಕಾಗದದ ಕಾರ್ಖಾನೆಯಲ್ಲಿ ಫಿಟ್ಟರ್, ಧಾರವಾಡ ಕಡೆಯವರು. ನಾನಾಗ ಅಲ್ಲಿನ ಕಾಲೇಜಿಗೆ ಪಾಠ ಹೇಳಲು ಬಂದ ಒಂಟಿ ಮನುಷ್ಯ, ಅವರ ಮನೆಯ ರೊಟ್ಟಿ ತಿಂದೇ ಮೈಕೈ ತುಂಬಿಕೊಂಡವನು. ಅವರ ಹಿತ್ತಲಲ್ಲಿ ಒಂದು ಕೆಂಪು ಕಾರಿತ್ತು. ಪರದೇಶದ್ದು, ಎರಡೇ ಸೀಟಿನದು, ತಲೆಯ ಮೇಲೆ ಮುಚ್ಚಳವಿಲ್ಲದ್ದು. ಯಂತ್ರ ಜೋಡಿಸಲು ಬಂದಿದ್ದ ವಿದೇಶಿ ಇಂಜಿನಿಯರೊಬ್ಬರು ಅದನ್ನು ಹಡಗಿನಲ್ಲಿ ಗೋವಾಕ್ಕೆ ತರಿಸಿದ್ದರಂತೆ. ತಮ್ಮೂರಿಗೆ ಮರಳುವಾಗ ಕಾಕಾನ ಕೈಗೆ ಚಾವಿ ಕೊಟ್ಟು ಹೋಗಿದ್ದರು. ಕೊಟ್ಟಾಗ ಓಡುತ್ತಿತ್ತಂತೆ. ನಾನು ನೋಡುವ ಹೊತ್ತಿಗೆ ಅದು ಮಳೆಗಾಲದಲ್ಲಿ ತಾಡಪತ್ರಿ ಹೊದ್ದು, ಬೇಸಿಗೆಯಲ್ಲಿ ಬಾನೆಟ್ಟಿನ ಮೇಲೆ ಕಾಕುವಿನ ಶಾವಿಗೆ ಒಣಗಿಸಿಕೊಂಡು ಸುಮ್ಮನೆ ನಿಂತಿರುತ್ತಿತ್ತು.

ಡ್ಯೂಟಿ ಮುಗಿಸಿ ಬಂದ ಕಾಕಾ ಮೊದಲು ಕಾರನ್ನು ಮಾತಾಡಿಸಿ, ಆಮೇಲೆ ಚಹಾ ಕುಡಿಯುವರು. "ಈಗಿನ ಗಾಡಿ ಎಲ್ಲಾ ಸಾಬೂನ ಡಬ್ಬಿ ಇದ್ದಂಗ ಅದಾವ ತಮ್ಮಾ. ಇದರ ಮೈಕಟ್ಟ ನೋಡು! ಇಂಥಾ ಗಾಡಿ ಮತ್ತ ಹಡಗಿನ್ಯಾಗ ಬರಬೇಕು, ಸಾಲಾಗಿ ಅನಮೋಡ ಘಾಟ ಹತ್ತಬೇಕು, ಜೋಯಿಡಾದ ಅಡವ್ಯಾಗ ಅದರ ಸಪ್ಪಳ ಕೇಳಬೇಕು..." ಅಷ್ಟು ಹೇಳಿ ಕಣ್ಣು ಮುಚ್ಚುವರು. ಕಣ್ಣು ಬಿಟ್ಟರೆ ಎದುರಿಗೆ ಶಾವಿಗೆ.

ಕಾಕಾಗೆ ಕಾರು ಬೇಕಿತ್ತು, ಕಾಕುವಿಗೆ ಹಿತ್ತಲು ಬೇಕಿತ್ತು. ಪ್ರತಿ ಖಂಡೇನವಮಿಗೆ, ಆಯುಧಪೂಜೆಯ ದಿನ, ಕಾರಿನ ಪೂಜೆಯಾಗುತ್ತಿತ್ತು. ಪೂಜೆಗೊಂಡ ಗಾಡಿ ಚಕ್ರದ ಮುಂದಿಟ್ಟ ಲಿಂಬೆಹಣ್ಣು ಅರೆದು ಹೋಗಬೇಕಲ್ಲ, ಅದಕ್ಕೆ ಅಕ್ಕಪಕ್ಕದ ನಾವು ನಾಲ್ಕು ಮಂದಿ ಬೆವರು ಸುರಿಸಿ ನೂಕುತ್ತಿದ್ದೆವು. ಒಂದು ವರ್ಷ ಕಾಕುವಿಗೆ ತಲೆ ಕೆಟ್ಟಿತು.

"ನೂಕಿದ್ದು ಇದ ಕಡೀಕ. ಬರೂ ನವಮಿಗೆ ಇದು ತಾನ ಓಡಿ ಲಿಂಬಿಹಣ್ಣ ಅರದ್ರ ಇರ್ಲಿ. ಇಲ್ಲಂದ್ರ ದಸರಾದ ಮರುದಿನ ಗುಜರಿಯಾಂವನ್ನ ಕರೀತೇನಿ ನೋಡ್ರಿ!"

ಕಾಕು ಅಂದದ್ದನ್ನು ಮಾಡದೆ ಬಿಡುವವರಲ್ಲವೆಂದು ಇಡೀ ಕ್ವಾರ್ಟರ್ಸಿಗೆ ಗೊತ್ತಿತ್ತು.

ಆ ವರ್ಷ ಕಾಕಾ ಪಟ್ಟ ಪಾಡು! ಆ ಕಾರಿನ ಸಾಮಾನು ಹುಬ್ಬಳ್ಳಿಯಲ್ಲೂ ಸಿಗದು. ದಪ್ಪ ರಟ್ಟು ಕತ್ತರಿಸಿ ಗ್ಯಾಸ್ಕೆಟ್ ಮಾಡಿದರು. ಹಳಿಯಾಳದ ಲೇಥಿನಲ್ಲಿ ಒಂದು ಬುಶ್ ಕೊರೆಸಿದರು. ಮುಂಡಗೋಡದ ಬಳಿಯ ಇಂದೂರ ಹಳ್ಳಿಗೆ ಹೋಗಿ ಯಾರದೋ ಹಳೆಯ ಟ್ರ್ಯಾಕ್ಟರಿನ ರಬ್ಬರ್ ಪೈಪು ಬೇಡಿ ತಂದರು. ಗಿಯರ್ ಬಾಕ್ಸ್ ಬಿಚ್ಚಿ ಮತ್ತೆ ಜೋಡಿಸಿದ್ದು ಹಬ್ಬದ ಹಿಂದಿನ ದಿನ. ಎಂಜಿನ್ ಚಾಲೂ ಆಯಿತು. ಗಾಲಿ ಉರುಳುವುದು ಮಾತ್ರ ಪೂಜೆಯಾದ ಮೇಲೆಯೇ ಎಂದು ಅವರ ಹಟ.

ನವಮಿಯ ದಿನ ಮಣೆಯ ಮೇಲೆ ನಟ್ಟು ಬಿಚ್ಚುವ ಪಾನಾ, ಸುತ್ತಿಗೆ, ಸ್ಕ್ರೂಡ್ರೈವರ್ ಎಲ್ಲ ವಿಭೂತಿ ಹಚ್ಚಿಕೊಂಡು ಕೂತಿದ್ದವು. ಕಾಕಾ ಇಸ್ತ್ರಿಯ ಧೋತರ ಉಟ್ಟು ಕಾರಿನೊಳಗೆ ಇಳಿದರು. ಎಂಜಿನ್ ಗುಡುಗಿತು, ನಾವು ಚಪ್ಪಾಳೆ ತಟ್ಟಿದೆವು. ಗಿಯರ್ ಹಾಕಿದರು... ಕಾರು ಹಿಂದಕ್ಕೆ ಹೋಯಿತು. ಇನ್ನೊಮ್ಮೆ ಹಾಕಿದರು, ಮತ್ತೆ ಹಿಂದಕ್ಕೆ. ಅವಸರದಲ್ಲಿ ಒಳಗೆ ಏನೋ ತಪ್ಪು ಜೋಡಿಸಿಬಿಟ್ಟಿದ್ದರು, ರಿವರ್ಸ್ ಬಿಟ್ಟು ಬೇರೆ ಗಿಯರ್ ಬೀಳಲೊಲ್ಲದು. ಲಿಂಬೆಹಣ್ಣು ಇಟ್ಟಲ್ಲೇ ಇದ್ದವು.

ಪಾನಾ ಕೈಗೆ ಸಿಕ್ಕರೆ ಸರಿಮಾಡಿಯಾರು. ಕಾಕಾ ಮಣೆಯತ್ತ ಕೈ ಚಾಚಿದರು. ಆದರೆ ಪೂಜೆಗೆ ಇಟ್ಟ ಹತಾರ ಮರುದಿನದವರೆಗೆ ಮುಟ್ಟುವಂತಿಲ್ಲ. ತಾವೇ ಕೈ ಹಿಂದಕ್ಕೆ ಎಳೆದುಕೊಂಡರು. ಸ್ಟೇರಿಂಗ್ ಮೇಲೆ ಹಣೆ ಇಟ್ಟು ಕೂತುಬಿಟ್ಟರು. ಅಂಥ ಗಟ್ಟಿ ಮನುಷ್ಯನ ಭುಜ ಅಲುಗುವುದನ್ನು ನೋಡಲಾಗದೆ ನಾನು ಬೇರೆಲ್ಲೋ ನೋಡಿದೆ.

ಕಾಕು ಆರತಿಯ ತಟ್ಟೆ ಕೆಳಗಿಟ್ಟರು. ಸೆರಗು ಸಿಕ್ಕಿಸಿಕೊಂಡು ಬಗ್ಗಿ, ನಾಲ್ಕೂ ಲಿಂಬೆಹಣ್ಣು ಆರಿಸಿ, ಒಂದೊಂದಾಗಿ ಚಕ್ರಗಳ ಹಿಂದೆ ಇಟ್ಟರು.

"ಹೂಂ, ಒಯ್ರಿ ಹಿಂದಕ."

"ಇದು ನಡೀತೈತೇನ?" ಕಾಕಾನ ದನಿ ಸಣ್ಣದಾಗಿತ್ತು.

"ಓಡಿ ಅರೀಬೇಕು ಅಂದಿದ್ದೆ. ಮುಂದಕ ಓಡಿ ಅಂತ ಅಂದಿದ್ನೇನ್ರಿ?"

ನಾಲ್ಕೂ ಹಣ್ಣು ಅಪ್ಪಚ್ಚಿಯಾದವು. ಕಾಕಾ ಬಾಗಿ ಆಚೆಯ ಬಾಗಿಲು ತೆರೆದು "ಬಾ, ಕೂಡು" ಎಂದರು. ಎಷ್ಟೋ ವರ್ಷದಿಂದ ಆ ಕಾರನ್ನು ಶಪಿಸುತ್ತಿದ್ದ ಕಾಕು, ಮದುಮಗಳ ಹಾಗೆ ನಾಚಿಕೊಂಡು ಕೂತರು. ಕತ್ತು ತಿರುವಿ ಹಿಂದೆ ನೋಡುತ್ತ ಇಬ್ಬರೂ ಬಂಗೂರನಗರವನ್ನೆಲ್ಲ ಹಿಂದು ಹಿಂದಕ್ಕೇ ಸುತ್ತಿದರು. ದಾರಿಬಿಡಿಸಲು ಓಡಿದವರು ನಾವು. ಅವತ್ತು ನಕ್ಕಷ್ಟು ನಾನು ಆಮೇಲೆ ಯಾವತ್ತೂ ನಕ್ಕಿಲ್ಲ. ದಸರಾ ಮುಗಿದದ್ದೇ ಗಿಯರ್ ಸರಿಹೋಯಿತು. ಅಲ್ಲಿಂದ ಪ್ರತಿ ರವಿವಾರ ಇಬ್ಬರೂ ಕೋಗಿಲಬನಕ್ಕೆ ಹೋಗಿ, ಕಾಳಿ ನದಿ ನೋಡುತ್ತ ಬುತ್ತಿ ಬಿಚ್ಚುತ್ತಿದ್ದರು.

ಕಾಕಾ ಹೋಗಿ ಬಹಳ ವರ್ಷವಾಯಿತು. ನಿಂತರೆ ತುಕ್ಕು ಹಿಡಿಯುತ್ತದೆಂದು ಕಾಕು ತಾವೇ ಕಾರನ್ನು ಬೆಳಗಾವಿಯ ಹಳೇ ಕಾರಿನ ಹುಚ್ಚಿನವರೊಬ್ಬರಿಗೆ ಕೊಟ್ಟರು. ಈಗ ಇಲ್ಲಿನ ಕಾಡಿನ ರಿಸಾರ್ಟುಗಳಿಗೆ ಹೋಗುವ ಗಾಡಿಗಳ ಸಾಲು ನೋಡುವಾಗ ನನಗೂ ಕಾಕಾನ ಆಸೆಯೇ ಹತ್ತುತ್ತದೆ. ಅಂಥ ಕಾರುಗಳು ಮತ್ತೆ ಬರಬೇಕು. ಬಂದರೂ ಬಂದಾವು. ಕಾಕಾ ಬರಲಾರರು.

ಸ್ಕೂಟರ್ ಸರಿಯಾದದ್ದೇ ಕಾಕುವನ್ನು ನೋಡಲು ಹೋದೆ. ಬೆಳಗಾವಿಯವರು ನನ್ನ ಫೋನಿಗೆ ಕಳಿಸಿದ್ದ ವಿಡಿಯೋ ತೋರಿಸಿದೆ. ಹೊಸ ಬಣ್ಣ ಬಳಿದುಕೊಂಡ ಕೆಂಪು ಕಾರು ಬಿಸಿಲಲ್ಲಿ ಓಡುತ್ತಿತ್ತು. ಕಾಕು ಎರಡು ಸಲ ನೋಡಿದರು.

"ಚಲೋ ಓಡತೈತಿ," ಎಂದರು. ಫೋನು ನನ್ನ ಕೈಗಿಟ್ಟರು. "ಆದ್ರ ಒಬ್ರ ಕುಂತಾರಲ್ಲ ತಮ್ಮಾ. ಅವರ ಮನಿಯಾಕೀನ್ನ ಬಾಜೂಕ ಕುಂದರಿಸ್ಕೊಂಡ ಹೋಗ್ರಿ ಅಂತ ಹೇಳು."