ಹನ್ನೊಂದು ಸೀಸೆ ರಕ್ತ

ತೊಂಬತ್ತರ ದಶಕ ಆಗಿನ್ನೂ ಹೊಸದು. ನಾನು ಬಳ್ಳಾರಿಯ ಒಂದು ಆಸ್ಪತ್ರಿ ಲ್ಯಾಬಿನ್ಯಾಗ ರಕ್ತ ತೆಗಿಯೋ ಕೆಲಸಕ್ಕಿದ್ದೆ. ಕೈ ಹಗುರ ಐತಿ ಅಂತ ಮಂದಿ ಹೊಗಳಿ ಹೊಗಳಿ ನನ್ನ ತಲಿ ತಿರುಗಿಸಿದ್ರು. ಫಾರಿನ್ನಿಂದ ಒಬ್ಬ ಡಾಕ್ಟರು ಬಂದಾಗ ಅವರ ಜೊತಿ ಕುರುಗೋಡಿಗೆ ಹೋಗಾಕ ನಾನೇ ಮುಂದಾದೆ.

ಅಲ್ಲೊಂದು ಮನಿತನ. ಅವರಾಗ ಕೆಲವರಿಗೆ ಸಣ್ಣಂದಿನಿಂದಲೇ ಸಂಜಿ ಆತಂದ್ರ ಕಣ್ಣು ಕಾಣಂಗಿಲ್ಲ. ಇಪ್ಪತ್ತೈದು ದಾಟೋದ್ರೊಳಗ ಹಗಲೂ ಕತ್ತಲಿ. ಸೋದರಮಾವಗ ಹೆಣ್ಣು ಕೊಡೋದು ಅಲ್ಲಿ ಅಜ್ಜ ಮುತ್ತಜ್ಜರ ಕಾಲದ ಪದ್ಧತಿ, ಡಾಕ್ಟರಿಗೆ ಬೇಕಾಗಿದ್ದೂ ಅಂಥಾ ಮನೀನೇ. ಮನಿ ಯಜಮಾನಿಗೆ ಒಂದೇ ಚಿಂತಿ: ಮಗಳನ್ನ ತನ್ನ ತಮ್ಮಗ ಕೊಡಬೇಕೋ ಬ್ಯಾಡೋ. ಇಬ್ಬರ ಕಣ್ಣೂ ಚಲೋ ಇದ್ವು, ಆದ್ರ ಮುಂದ ಹುಟ್ಟೋ ಕೂಸಿನದು? ರಕ್ತ ನೋಡಿ ಹೇಳೋದಾದ್ರ ಎಲ್ಲಾರೂ ಕೊಡ್ತೀವಿ, ಅಲ್ಲೀತನಕ ಮದುವಿ ಮಾತಿಲ್ಲ ಅಂದ್ಲು.

ಒಪ್ಪಿಗಿಯ ಇಂಗ್ಲಿಷ್ ಕಾಗದ ಓದಿ ಹೇಳೋದು ನನ್ನ ಪಾಲಿಗೆ ಬಂತು. ರಕ್ತ, ಅದರಾಗ ಸಿಗೋದೆಲ್ಲಾ ಡಾಕ್ಟರ ಕಡಿಯವರ ಸ್ವತ್ತು ಅಂತ ಒಂದು ಸಾಲಿತ್ತು. ಒಂದು ಸೀಸೆ ರಕ್ತದಾಗ ಎಂಥಾ ಸ್ವತ್ತು, ಮಣ್ಣು ಅಂತ ಅದನ್ನ ಹಾರಿಸಿಬಿಟ್ಟೆ.

"ಉತ್ತರ ಬರತೈತಿ ಅಮ್ಮಾ, ಒತ್ರಿ," ಅಂದೆ.

ಹನ್ನೊಂದು ಮಂದಿ ಹೆಬ್ಬಟ್ಟು ಒತ್ತಿದ್ರು. ಸೀಸೆಗಳು ಐಸ್ ಪೆಟಗ್ಯಾಗ ಫಾರಿನ್ನಿಗೆ ಹೋದ್ವು.

ಆಮ್ಯಾಲ ಆಯಮ್ಮ ತಿಂಗಳಿಗೊಮ್ಮೆ ಬಸ್ಸು ಹತ್ತಿ ಲ್ಯಾಬಿಗೆ ಬಂದು ಕೇಳೋಳು. ಡಾಕ್ಟರಿಗೆ ಪತ್ರದ ಮ್ಯಾಲ ಪತ್ರ ಬರದೆ. ಎರಡು ವರ್ಷಕ್ಕ ನಾಕು ಸಾಲಿನ ಜವಾಬು ಬಂತು: ಆ ರಕ್ತದಾಗ ಕಂಡ ಕಣ್ಣಿನ ದೋಷದ ಮೂಲಕ್ಕ ಪೇಟೆಂಟ್ ಕೇಳೀವಿ, ಅದು ಮುಗಿಯೋತನಕ ಯಾರಿಗೂ ಏನೂ ಹೇಳಂಗಿಲ್ಲ. ಸಿಟ್ಟು ನೆತ್ತಿಗೇರ್ತು. ತಾಯಿ ಹೊಟ್ಯಾಗಿಂದ ಬಂದದ್ದನ್ನ ಯಾರೋ ತಮ್ಮ ಹೆಸರಿಗೆ ಬರಸಿಕೊಳ್ಳೋದಂದ್ರೇನು, ಥೂ! ಆದ್ರ ಆ ಸಿಟ್ಟು ಯಾತರ ಉಪಯೋಗಕ್ಕ ಬಂತು? ಆಯಮ್ಮ ಬಂದಾಗ ಪತ್ರ ಮೇಜಿನ ಖಾನಿಗೆ ತುರುಕಿ, ಇನ್ನೂ ಬಂದಿಲ್ಲ ಅಂದೆ. ಹಾರಿಸಿದ ಸಾಲು ಹೊರಗ ಬಿದ್ದೀತಂತ ಹೆದರಿದ್ದೆ.

ಆಕಿ ನಿರಾಳಾಗಿ ನಕ್ಕಳು. "ಕೆಟ್ಟದ್ದಿದ್ರ ಇಷ್ಟೊತ್ತಿಗೆ ಹೇಳ್ತಿದ್ರು ಬಿಡ್ರಿ."

ಮುಂದಿನ ತಿಂಗಳೇ ಮದುವಿ ಆತು.

ಐದಾರು ವರ್ಷದ ಮ್ಯಾಲ ಸಿರುಗುಪ್ಪದ ಬಸ್ ಸ್ಟ್ಯಾಂಡಿನ್ಯಾಗ ಹೊತ್ತು ಮುಳುಗೋ ಹೊತ್ತಿಗೆ ಸಣ್ಣ ಹುಡುಗಿಯೊಂದು ಬಂದು ನನ್ನ ಮೊಣಕಾಲಿಗೆ ಡಿಕ್ಕಿ ಹೊಡೀತು. ಆಮ್ಯಾಲ ಕೈಲೆ ನನ್ನ ಪ್ಯಾಂಟು ಸವರಿ ನೋಡ್ತು. ಹಿಂದ ಆಯಮ್ಮ ನಿಂತಿದ್ಲು. ಮೊಮ್ಮಗಳು ಅಂದ್ಲು. ಪತ್ರ ಬಂದಿತ್ತು, ನಾನೇ ಮುಚ್ಚಿಟ್ಟೆ ಅಂತ ಅಲ್ಲೇ ಹೇಳಿಬಿಟ್ಟೆ.

"ಆ ಡಾಕ್ಟರಿಗೆ ಗೊತ್ತಾಗಿತ್ತೇನ್ರಿ?"

"ಗೊತ್ತಾಗಿತ್ತಮ್ಮಾ."

"ಆ ಪತ್ರ ಬಂದಿದ್ದು ಮದುವಿಗೆ ಮೊದಲೋ, ಆಮ್ಯಾಲೋ?"

ಮೊದಲು ಅಂದೆ. ಆಕಿ ಕೂಸಿನ ಕೈ ಹಿಡಿದು, ನನ್ನ ಮಗ್ಗಲದಿಂದ ತನ್ನ ಆಚಿ ಮಗ್ಗಲಕ್ಕ ಕರಕೊಂಡು ನಿಂತ್ಲು.