ಗಾಲಿಯ ಮೇಲಿನ ತವರಿಗೊಂದು ವೋಲ್ಟೇಜ್ ಡಬ್ಬಿ

ಚೊಚ್ಚಲ ಹೆರಿಗೆಗೆ ಮಗಳನ್ನು ತವರಿಗೆ ಕರೆತರಲು ಅಕ್ಕನಿಗೆ ಆಗಲಿಲ್ಲ. ಶ್ವಾಸಕೋಶ ಕೆಟ್ಟು, ಮೂಗಿಗೆ ನಳಿಗೆ ಹಾಕಿಕೊಂಡು, ಆಕ್ಸಿಜನ್ ಯಂತ್ರದ ಪಕ್ಕದಲ್ಲೇ ಇರುತ್ತಿದ್ದಳು. ಮಗಳು ಸಿದ್ದಾಪುರದಲ್ಲಿ, ಗಂಡನ ಮನೆಯಲ್ಲೇ ಹೆತ್ತಳು. ಆ ಮನೆ ಮಹಡಿಯ ಮೇಲಿತ್ತು. ಅಕ್ಕ ಮೆಟ್ಟಿಲು ಹತ್ತುವಂತಿರಲಿಲ್ಲ. ಅದಕ್ಕೇ ಕೊಪ್ಪಳದಲ್ಲಿ ವೆಲ್ಡಿಂಗ್ ಅಂಗಡಿಯಿದ್ದ ಭಾವ ಜೀಪಿನ ಹಿಂದೆ ಎಳೆಯುವಂಥ ಒಂದು ಕೋಣೆಯನ್ನೇ ಕಟ್ಟಿದರು. ಮಂಚ, ಕಿಟಕಿ, ಪುಟ್ಟ ಸಂಡಾಸು. ಬಾಣಂತಿಯೂ ಕೂಸೂ ಒಂದು ರಾತ್ರಿ ಅದರಲ್ಲಿ ತನ್ನ ಮಗ್ಗುಲಿಗೆ ಮಲಗಿದರೆ ತವರಿಗೆ ಬಂದಂತೆಯೇ ಎಂದು ಅಕ್ಕ ನಂಬಿದ್ದಳು.

ಯಂತ್ರಕ್ಕೆ ಬೀಗರ ಮನೆಯಿಂದಲೇ ವೈರು ಎಳೆಯಬೇಕಿತ್ತು. ಆ ಕಡೆ ಕರೆಂಟು ನೆಚ್ಚುವಂಥದ್ದಲ್ಲ. ಹೋಗುವ ದಾರಿಯಲ್ಲಿ, ಗಂಗಾವತಿಯ ಒಂದು ಎಲೆಕ್ಟ್ರಿಕ್ ಅಂಗಡಿಯ ಮುಂದೆ ಜೀಪು ನಿಲ್ಲಿಸಿದೆವು. ಅಂಗಡಿಯವನು ಎರಡು ಸಾಮಾನು ತಂದು ಜೀಪಿನ ಬಾನೆಟ್ಟಿನ ಮೇಲಿಟ್ಟ.

"ಇದು ಸಿಡಿಲು-ಗಿಡಿಲು ಬಡದ್ರ ತಡೀತೈತ್ರಿ. ವೋಲ್ಟೇಜ್ ಏರಿ ಕುಂತ್ರ ಇದರ ಕೈಲಿ ಆಗೂದಿಲ್ಲ. ಈ ಡಬ್ಬಿ ನೋಡ್ರಿ, ಹೆಚ್ಚು ಕಮ್ಮಿ ಆತಂದ್ರ ಲೈನೇ ಕಟ್ ಮಾಡತೈತಿ."

ದಾರಿಗೆಂದು ತಂದ ಆಕ್ಸಿಜನ್ ಸಿಲಿಂಡರಿಗೆ ನಳಿಗೆ ಹಚ್ಚಿಕೊಂಡು ಕೂತಿದ್ದ ಅಕ್ಕ ಕಿಟಕಿಯಿಂದ ಕೇಳಿದಳು, "ಲೈನ್ ಕಟ್ ಆದ್ರ ನನ್ನ ಗತಿ ಏನೋ ತಮ್ಮಾ?"

"ಸಿಲಿಂಡರ್ ಐತಲ್ಲ," ಎಂದೆ ನಾನು.

"ಆತು ಬಿಡು. ಮಿಷಿನ್ನಾರ ಉಳೀಲಿ. ನಾ ಹೆಂಗೂ ರಿಪೇರಿ ಆಗದ ಮಾಲು."

ಭಾವ ನಗಲಿಲ್ಲ. "ಸುಟ್ಟರ ಆ ಊರಾಗ ಇನ್ನೊಂದು ಎಲ್ಲಿ ತರೂಣು?" ಎಂದು ಡಬ್ಬಿಯನ್ನೇ ಆರಿಸಿದರು.

ಅದು ಬಿಳಿ ಡಬ್ಬಿ ಎಂದು ನನ್ನ ನೆನಪು; ಬೂದುಬಣ್ಣದ್ದು ಎನ್ನುತ್ತಾರೆ ಭಾವ. ಸಿದ್ದಾಪುರದಲ್ಲಿ ಆಮೇಲೆ ನಡೆದದ್ದರ ಹಿಂದುಮುಂದು ಕೂಡ ನಮ್ಮಿಬ್ಬರಲ್ಲಿ ಬೇರೆ ಬೇರೆ. ಹೊಂದಿಸಲು ನನಗೆ ಮನಸ್ಸಿಲ್ಲ.

ತಲೆಗೆ ಸ್ಕಾರ್ಫ್ ಬಿಗಿದುಕೊಂಡು ಮಗಳು ಕೆಳಗಿಳಿದು ಬಂದಳು. ಅಕ್ಕನ ತೊಡೆಯ ಮೇಲೆ ಕೂಸು ಮಲಗಿತು, ಯಂತ್ರ ಗುಂಯ್ಗುಡುತ್ತಿತ್ತು. ಸಂಜೆಯ ಹೊತ್ತಿಗೆ ಡಬ್ಬಿ ಟಕ್ಕೆಂದಿತು, ಯಂತ್ರ ನಿಂತಿತು. ನಳಿಗೆಯನ್ನು ಸಿಲಿಂಡರಿಗೆ ಹಚ್ಚಿದೆ. ಕರೆಂಟು ಬಂತು, ಮತ್ತೆ ಟಕ್. ಹೀಗೇ ನಡೆಯಿತು. ಸಿಲಿಂಡರಿನ ಮೀಟರಿನಲ್ಲಿ ಮುಳ್ಳು ಇಳಿಯುತ್ತಿತ್ತು.

"ಆ ಡಬ್ಬಿ ಕಿತ್ತು ಸೀದಾ ಹಾಕ್ರಿ," ಎಂದಳು ಅಕ್ಕ. "ಒಂದ್ ರಾತ್ರಿ ನಡೀತೈತಿ."

ಭಾವ ಪ್ಲಗ್ಗಿಗೆ ಕೈ ಹಾಕಿದರು. ಡಬ್ಬಿಯ ಮೇಲಿನ ವೋಲ್ಟೇಜಿನ ಅಂಕಿ ನೋಡಿ ಕೈ ಹಿಂದೆ ತೆಗೆದರು.

"ಬ್ಯಾಡ ಯವ್ವಾ. ಬಾಣಂತನ ಮುಗಿಸಿ ನಾನ ಕೊಪ್ಪಳಕ್ಕ ಬರ್ತೀನಿ," ಎಂದಳು ಮಗಳು.

"ಎಲ್ಲಾ ಮುಗಿಸಿ ಬರಾಕ ಅದೇನ್ ನೆಂಟರ ಮನಿಯೇನ?"

ಬಾಣಂತನ ಮುಗಿಸಿ ಮಗಳು ಕೊಪ್ಪಳಕ್ಕೆ ಬಂದಾಗ ಅಕ್ಕ ಇರಲಿಲ್ಲ.

ಸಿಲಿಂಡರ್ ಖಾಲಿಯಾಗುವ ಮುಂಚೆ, ಅವತ್ತು ಕತ್ತಲಾಗುವುದರೊಳಗೆ ಹೊರಡುವುದೆಂದಾಯಿತು. "ಜೀಪಿಗೆ ಕಟ್ಟೂತನಾರ ಮಲಗು ಬಾ," ಎಂದು ಅಕ್ಕ ಮಂಚದಲ್ಲಿ ಗೋಡೆಯತ್ತ ಸರಿದಳು. ಕೂಸನ್ನು ನಡುವೆ ಹಾಕಿಕೊಂಡು ಮಗಳು ಮಲಗಿದಳು.

ಹೊರಗೆ ಭಾವ ಕೋಣೆಯನ್ನು ಜೀಪಿಗೆ ಜೋಡಿಸಿ ಕೊಂಡಿಗೆ ಪಿನ್ನು ಹಾಕಿದರು. ಸರಿಯಾಗಿಯೇ ಕೂತಿತ್ತು. ಅದನ್ನು ತೆಗೆದು, ಒರೆಸಿ, ಮತ್ತೆ ಹಾಕಿದರು. ಮತ್ತೆ ತೆಗೆದರು. ನಾನು ಬಾಗಿಲಲ್ಲಿ ನಿಂತು ಸಿಲಿಂಡರಿನ ಮುಳ್ಳನ್ನು ನೋಡುತ್ತಿದ್ದೆ. ಕೊನೆಗೆ ನಾನೇ ಹೇಳಬೇಕಾಯಿತು, "ಸಾಕು, ಹಾಕ್ಬಿಡ್ರಿ."